ಮೇಷ್ಟ್ರ ಮೇಲಿನ ದೂರು ಮೇಷ್ಟ್ರಿಗೇ

ಹಾಸನದಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ‘ಚೂರು ಆ ಕಡೆ ತಿರುಗು’ ಅಂದರೆ ಅದು ಮರುಮಾತಾಡದೆ ತಿರುಗುತ್ತದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಈ ಊರಲ್ಲಿ ಮಾಡುತ್ತಿರುವ ಕೆಲಸವೇ ಅದು. ಅದೇ ಊರಿನ ವಿದ್ಯಾನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮೂಗಿನ ಮುಂದಿದ್ದ ಕಂಪ್ಯೂಟರಿಗೆ ‘ಅಪ್‌ಡೇಟ್ ಆಗಪ್ಪಾ’ ಅಂದರು. ಬಂದ ಉತ್ತರ: ನೀವು ಸುಡೋಯರ್ಸ್ ಪಟ್ಟಿಯಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು. (ಸುಡೋ ಅಂದರೆ ಮೇಲಧಿಕಾರಿಯ ಹೆಸರಲ್ಲಿ ಕೆಲಸ ಮಾಡಿಸುವ ಕಮಾಂಡು, ಅದನ್ನು ಬಳಸಬಲ್ಲವರ ಪಟ್ಟಿ ಸುಡೋಯರ್ಸ್.) ಅಪ್‌ಡೇಟ್ ಬಂದಿದೆ, ಬನ್ನಿ ಬನ್ನಿ ಅಂತ ಬೆಳಗಿನಿಂದ ಕರೆಯುತ್ತಿದ್ದದ್ದೂ ಅದೇ ಕಂಪ್ಯೂಟರು.

ದುಡ್ಡು ಕೊಟ್ಟವರು ಮೇಷ್ಟ್ರು, ಕರೆಂಟ್ ಬಿಲ್ಲು ಕಟ್ಟುವವರು ಮೇಷ್ಟ್ರು, ಬಳಸುವವರೂ ಅವರೊಬ್ಬರೇ. ವರದಿ ಹೋಗುವುದು ಯಾರಿಗೆ? ರೂಟ್ ಎಂಬ ಮೇಲಧಿಕಾರಿಗೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇರುವ ಉಬುಂಟು ಲಿನಕ್ಸಿನಲ್ಲಿ ಈ ರೂಟ್ ಸಾಹೇಬರಿಗೆ ಪಾಸ್‌ವರ್ಡೇ ಇಟ್ಟಿರುವುದಿಲ್ಲ. ಖಾತೆಗೆ ಮೊದಲ ದಿನದಿಂದಲೇ ಬೀಗ. ಸಾಹೇಬರ ಪರವಾಗಿ ಸಹಿ ಹಾಕುತ್ತಿದ್ದ ಪ್ರಭಾರಿ ಅಧಿಕಾರಿ ಯಾರೆಂದರೆ, ಹಿಂದಿನ ದಿನದವರೆಗೂ ಈ ಮೇಷ್ಟ್ರೇ. ಅಲ್ಲಿಗೆ ಮೇಷ್ಟ್ರ ಮೇಲಿನ ದೂರು ಮೇಷ್ಟ್ರ ಖಾಲಿ ಕುರ್ಚಿಗೆ. ದೂರು ಇಮೇಲಿನಲ್ಲಿ ಹೋಗಬೇಕು ಅನ್ನುವುದು ನಿಯಮ, ಆದರೆ ಮನೆಯ ಕಂಪ್ಯೂಟರಿನಲ್ಲಿ ಅಂಚೆ ವ್ಯವಸ್ಥೆ ಸಾಮಾನ್ಯವಾಗಿ ಇರುವುದೇ ಇಲ್ಲ. ಇಷ್ಟಾದರೂ ಆಥ್ ಲಾಗ್ ಎಂಬ ಕಡತದಲ್ಲಿ ತಾರೀಕು, ಗಂಟೆ, ಸೆಕೆಂಡು ಸಮೇತ ಎಲ್ಲ ದಾಖಲಾಗುತ್ತದೆ. ಏನು ಬರೆದಿದ್ದಾರೋ ನೋಡೋಣ ಎಂದು ಮೇಷ್ಟ್ರು ಅದನ್ನು ತೆರೆಯಹೋದರೆ ‘ಪರ್ಮಿಷನ್ ಡಿನೈಡ್’. ಎಫ್‌ಐಆರ್ ಪ್ರತಿ ಆರೋಪಿಗೇ ಸಿಗದಂಥ ಠಾಣೆ ಇದು.

ಆದದ್ದಿಷ್ಟು. ಬೆಂಗಳೂರಿನಿಂದ ಬಂದಿದ್ದ ತಂಗಿಮಗ, ‘ಪ್ರಿಂಟರ್ ಸರಿ ಮಾಡ್ಕೊಡ್ತೀನಿ ಮಾವ’ ಅಂತ ಮಾವನ ಹೆಸರನ್ನು ಪ್ರಿಂಟರ್ ನೋಡಿಕೊಳ್ಳುವ ಗುಂಪಿಗೆ ಸೇರಿಸಿದ. ಬಳಕೆದಾರರ ಗುಂಪು ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡಕ್ಷರದ ‘ಜಿ’ ಕೊಟ್ಟ, ಅದರ ಹಿಂದೆ ಇರಬೇಕಿದ್ದ ಸಣ್ಣ ‘ಎ’ ಬಿಟ್ಟ. ಆ ‘ಎ’ ಇದ್ದರೆ ‘ಇರುವುದರ ಜೊತೆಗೆ ಇದೂ ಇರಲಿ’ ಎಂದು ಅರ್ಥ. ಇಲ್ಲದಿದ್ದರೆ ‘ಇದೊಂದೇ ಸಾಕು, ಉಳಿದ ಕಡೆಯಿಂದೆಲ್ಲ ತೆಗೆಯಿರಿ’ ಎಂದು. ಒಂದಕ್ಷರ ತಪ್ಪಿ, ಸುಡೋ ಬಳಸಬಲ್ಲವರ ಗುಂಪಿನಿಂದಲೂ ಮೇಷ್ಟ್ರ ಹೆಸರು ಬಿದ್ದು, ಅಡ್ಮಿನಿಸ್ಟ್ರೇಟರ್ ಹೋಗಿ ಪ್ರಿಂಟರ್ ಗುಮಾಸ್ತರಾದರು. ಗುಂಪಿನ ಬದಲಾವಣೆ ಗೊತ್ತಾಗುವುದು ಮುಂದಿನ ಲಾಗಿನ್‌ನಲ್ಲಿ. ಅಷ್ಟರಲ್ಲಿ ತಂಗಿಮಗನ ಬಸ್ಸು ಚನ್ನರಾಯಪಟ್ಟಣ ದಾಟಿತ್ತು. ವರ್ಗಾವಣೆ ಆದೇಶಗಳೂ ಹೀಗೇ, ಸಹಿ ಹಾಕಿದವರು ಕೈಗೆ ಸಿಗದ ಹೊತ್ತಿಗೆ ಬಂದು ತಲುಪುತ್ತವೆ.

ಸುಡೋ ಬರೆದವರನ್ನು ಬೈಯುವ ಹಾಗಿಲ್ಲ. 1980ರ ಸುಮಾರಿಗೆ ಅಮೆರಿಕದ ಬಫೆಲೋದಲ್ಲಿ, ವಿಶ್ವವಿದ್ಯಾಲಯದ ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಹುಟ್ಟಿದ್ದು ಅದು. ಯಾರಿಗೆ ಎಷ್ಟು ಅಧಿಕಾರ ಎಂಬ ಲೆಕ್ಕ ಅಲ್ಲಿ ಬೇಕೇ ಬೇಕಿತ್ತು. ಆ ಲೆಕ್ಕವನ್ನು ಹಾಗೇ ಎತ್ತಿ, ಒಬ್ಬರೇ ಕೂತು ಪಿಂಚಣಿ ಪಾಸ್‌ಬುಕ್ ನೋಡುವ ಕೋಣೆಯೊಳಗೆ ಇಳಿಸಿದ್ದೇವೆ. ಅರ್ಜಿದಾರ, ಗುಮಾಸ್ತ, ತಹಸೀಲ್ದಾರ ಎಲ್ಲರೂ ಒಬ್ಬರೇ, ಆದರೂ ಕಡತ ಮೇಜಿನಿಂದ ಮೇಜಿಗೆ ಹೋಗಲೇಬೇಕು.

ಸರಿ, ಮತ್ತೆ ಸುಡೋ ಗುಂಪಿಗೆ ಸೇರಿಕೊಳ್ಳೋಣವೆಂದರೆ? ಅದಕ್ಕೆ ಸೇರಲು ಸುಡೋ ಬೇಕು. ಅನುಮತಿ ಕೇಳುವುದಕ್ಕೇ ಅನುಮತಿ ಪತ್ರ ಲಗತ್ತಿಸಬೇಕು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದರಲ್ಲಿ ಹೊಸದೇನೂ ಕಾಣದು. ಮೇಷ್ಟ್ರು ಕಂಪ್ಯೂಟರ್ ರಿಪೇರಿ ಹುಡುಗನನ್ನು ಕರೆಸಿದರು. ಆತ ಪರದೆ ನೋಡುವ ಮೊದಲೇ, ‘ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕ್‌ಬುಡನ ಬುಡಿ ಸಾರ್’ ಅಂದ. ಮೇಷ್ಟ್ರು ವರ್ಷಗಟ್ಟಲೆ ಕೂಡಿಟ್ಟ ಹಲ್ಮಿಡಿ, ಬೇಲೂರು, ಹಳೇಬೀಡಿನ ಶಾಸನಗಳ ಟಿಪ್ಪಣಿ ಅದರೊಳಗಿದ್ದವು. (ಹಲ್ಮಿಡಿಯವರು ಕಲ್ಲಿನ ಮೇಲೆ ಕೊರೆಸಿದ್ದು ಜಾಣತನ. ಕಲ್ಲನ್ನು ಫಾರ್ಮ್ಯಾಟ್ ಹೊಡೆಯೋಣ ಅಂತ ಯಾರೂ ಬಂದಿಲ್ಲ.)

ಕೊನೆಗೆ ಫೋನಿನಲ್ಲಿ ಸಿಕ್ಕ ತಂಗಿಮಗ ಹೇಳಿದ: ‘ರೀಸ್ಟಾರ್ಟ್ ಮಾಡಿ ಮಾವ, ಆನ್ ಆಗೋವಾಗ ಎಸ್ಕೇಪ್ ಒತ್ತಿ. ಹಳೇ ಕಂಪ್ಯೂಟರಾದ್ರೆ ಶಿಫ್ಟ್.’ ಗ್ರಬ್ ಎಂಬ ಪಟ್ಟಿ ಬಂತು. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಅದರೊಳಗೆ ರೂಟ್. ಎಂಟರ್ ಒತ್ತಿದರೆ ಮುಗಿಯಿತು. ಪಾಸ್‌ವರ್ಡ್ ಕೇಳಲಿಲ್ಲ, ಯಾವ ಪಟ್ಟಿಯನ್ನೂ ನೋಡಲಿಲ್ಲ, ಯಾರಿಗೂ ವರದಿ ಮಾಡಲಿಲ್ಲ. ಡಿಸ್ಕನ್ನು ಬರೆಯಲು ಬರುವಂತೆ ರೀಮೌಂಟ್ ಮಾಡಿ, ಈ ಸಲ ಸಣ್ಣ ‘ಎ’ ಸಮೇತ ಅದೇ ಕಮಾಂಡ್ ಹೊಡೆದು ಸುಡೋ ಗುಂಪಿಗೆ ಹೆಸರು ಸೇರಿಸಿ ಮೇಷ್ಟ್ರು ಮರಳಿ ಅಧಿಕಾರಕ್ಕೆ ಬಂದರು.

ಮುಂಬಾಗಿಲಲ್ಲಿ ಮನೆ ಯಜಮಾನನನ್ನೇ ತಡೆದು ವರದಿ ಬರೆಯುವ ಕಾವಲುಗಾರ, ಹಿಂಬಾಗಿಲಿಗೆ ಅಗುಳಿಯೂ ಇಲ್ಲ. ಸರ್ಕಾರಿ ಕಚೇರಿಯಲ್ಲಾದರೆ ಹಿಂಬಾಗಿಲನ್ನು ಹುಡುಕಿಕೊಡಲು ಒಬ್ಬ ಏಜೆಂಟಾದರೂ ಬೇಕು. ಇಲ್ಲಿ ಅದಕ್ಕೆ ಬೋರ್ಡು ಹಾಕಿ ಮೆನುವಿನಲ್ಲೇ ಇಟ್ಟಿದ್ದಾರೆ. ಕೀಬೋರ್ಡ್ ಮುಟ್ಟಬಲ್ಲ ಯಾರು ಬೇಕಾದರೂ, ಕೇಬಲ್ ಸರಿಮಾಡಲು ಬಂದವನೂ, ಹೀಗೇ ಸಾಹೇಬನಾಗಬಹುದು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲು ಬಾರದಂತೆ ಗುಪ್ತಲಿಪಿಗೆ ಇಳಿಸಿದ್ದರೆ, ಮಾತು ಬೇರೆ. ಲಿನಕ್ಸ್ ಹಾಕುವಾಗ ಆ ಪ್ರಶ್ನೆ ಬಂದಿತ್ತಂತೆ, ತಂಗಿಮಗ ‘ಬೇಡ’ ಒತ್ತಿದ್ದನಂತೆ.

ಅಧಿಕಾರ ಸಿಕ್ಕ ಮೇಲೆ ಮೇಷ್ಟ್ರು ಮಾಡಿದ ಮೊದಲ ಕೆಲಸ ಅಪ್‌ಡೇಟ್ ಅಲ್ಲ. ಸುಡೋ ಹಾಕಿ ಆ ಕಡತ ತೆರೆದು, ತಮ್ಮ ಮೇಲಿನ ಆರೋಪಗಳನ್ನು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದಿದರು. ಆರೋಪಿಯೂ ವಿಚಾರಣಾಧಿಕಾರಿಯೂ ಒಬ್ಬರೇ ಆದ್ದರಿಂದ ಪ್ರಕರಣ ಕಾಫಿ ಆರುವುದರೊಳಗೆ ಇತ್ಯರ್ಥವಾಯಿತು. ಆಮೇಲೆ ಮುನ್ನೆಚ್ಚರಿಕೆಗೆಂದು ಇನ್ನೊಂದು ಅಡ್ಮಿನ್ ಖಾತೆ ತೆರೆದು ‘ಪ್ರಭಾರಿ’ ಅಂತ ಹೆಸರಿಟ್ಟರು. ಅದರ ಪಾಸ್‌ವರ್ಡು ಮನೆಯಾಕೆಗೆ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ತಂಗಿಮಗನಿಗೆ ಮಾತ್ರ ಹೇಳಿಲ್ಲ.