ಬಾಗಿಲಲ್ಲಿ ನಿಂತು ಫೋನ್ ನೋಡಬೇಡಿ

ಮುಂಬಯಿಯಲ್ಲಿ ಕಳ್ಳರಿಂದ ಪಾರಾಗಲು ಒಡವೆ ಹಾಕದೆ ಓಡಾಡಿದರೆ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ಆದರೆ ಇಲ್ಲಿ ಕಳ್ಳರ ಕಣ್ಣು ಫೋನಿನ ಮೇಲೂ ಇದೆ ಅಲ್ವಾ? ನಾನು ದಿನಾ ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಹೋಗುವವನು. ಕಳ್ಳರು ಹಳಿ ಪಕ್ಕ ಕೋಲು ಹಿಡಿದು ನಿಂತಿರುತ್ತಾರೆ. ಗಾಡಿ ನಿಧಾನವಾದಾಗ ಬಾಗಿಲಲ್ಲಿದ್ದವರ ಕೈಗೆ ಒಂದೇಟು. ಇದಕ್ಕೆ ಇಲ್ಲಿ ‘ಫಟ್ಕಾ’ ಅಂತಾರೆ. ಒಮ್ಮೆ ನನ್ನ ಮುಂದಿದ್ದ ಹುಡುಗನ ಫೋನ್ ಹಾರಿತು, ಇಯರ್‌ಫೋನ್ ಮಾತ್ರ ಕಿವಿಯಲ್ಲಿ ನೇತಾಡುತ್ತಿತ್ತು. ಹಿಂದೆಯೇ ಧುಮುಕಲು ಹೊರಟಿದ್ದ, ಅಂಗಿ ಹಿಡಿದು ಎಳೆದೆವು. ಹೀಗೆ ಬಿದ್ದು ಕಾಲು ಕಳೆದುಕೊಂಡವರಿದ್ದಾರೆ. ಫೋನ್ ಹೋದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ರೈಲ್ವೆ ಪೊಲೀಸರಿಗೆ ದೂರು ಕೊಟ್ಟು, ಕಳೆದ ಫೋನ್ ಬಳಸದಂತೆ ತಡೆಯುವ ಸರ್ಕಾರಿ ಜಾಲತಾಣ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ ಬೇಕು. ಈಗಲೇ *#06# ಒತ್ತಿ ನೋಡಿ ಬರೆದಿಟ್ಟುಕೊಳ್ಳಿ. ಫೋನಿನೊಳಗಲ್ಲ ಮಾರಾಯ್ರೆ, ಮನೆಯ ಕ್ಯಾಲೆಂಡರ್ ಹಿಂದೆ!