ಪಿಜ್ಜಾ ಚಿತ್ರದ ಹಿಂದಿನ ಕೋಣೆ

2023ರ ಜೂನ್‌ನಲ್ಲಿ ಇಟಲಿಯ ಹಳೇ ರೋಮನ್ ಊರು ಪಾಂಪೇಯಿಂದ ಬಂದ ಒಂದು ಫೋಟೋ ನಿಮಗೂ ನೆನಪಿರಬಹುದು. ಮನೆಯೊಂದರ ಗೋಡೆಯ ಮೇಲಿನ ಚಿತ್ರ ಅದು. ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ದಪ್ಪ ರೊಟ್ಟಿ, ಮೇಲೆ ದಾಳಿಂಬೆ, ಪಕ್ಕದಲ್ಲಿ ವೈನ್ ಬಟ್ಟಲು. 'ಎರಡು ಸಾವಿರ ವರ್ಷದ ಹಿಂದೆಯೇ ಪಿಜ್ಜಾ ಇತ್ತು ನೋಡಿ' ಅಂತ ಎಷ್ಟು ಜನ ನನಗೆ ಕಳಿಸಿದರೋ ಲೆಕ್ಕವಿಲ್ಲ. ನಾನೂ ಖುಷಿಯಿಂದ ನಾಲ್ಕು ಗ್ರೂಪಿಗೆ ಹಾಕಿದೆ. ಅದು ಪಿಜ್ಜಾ ಅಲ್ಲ ಬಿಡಿ. ಟೊಮೇಟೊ ಯುರೋಪಿಗೆ ಕಾಲಿಟ್ಟಿದ್ದು ಅಮೆರಿಕದಿಂದ, ಪಾಂಪೇ ಬೂದಿಯಡಿ ಹೂತು ಹೋಗಿ ಸಾವಿರದ ನಾನೂರು ವರ್ಷ ಕಳೆದ ಮೇಲೆ.

ಅದೇ ಮನೆಯಿಂದ ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಅದನ್ನು ಒಬ್ಬರೂ ನನಗೆ ಕಳಿಸಲಿಲ್ಲ. ಇವತ್ತು ಅದರ ಬಗ್ಗೆಯೇ ಬರೀತಿದ್ದೇನೆ.

ಪಾಂಪೇಯ ಒಂಬತ್ತನೇ ವಿಭಾಗದಲ್ಲಿರುವ ಮನೆ ಇದು. ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಆಕಾಶಕ್ಕೆ ತೆರೆದ ಹಜಾರ. ರೊಟ್ಟಿಯ ಚಿತ್ರ ಸಿಕ್ಕಿದ್ದು ಆ ಹಜಾರದ ಗೋಡೆಯಲ್ಲೇ. ಒಂದು ಕಡೆ ಬಣ್ಣ ಬಳಿದು ಸಿಂಗರಿಸಿದ ಕೋಣೆಗಳು. ಇನ್ನೊಂದು ಕಡೆ ಹಿಟ್ಟು ಬೀಸಿ ರೊಟ್ಟಿ ಸುಡುವ ಬೇಕರಿ.

ಈ ಬೇಕರಿಗೆ ಬೀದಿಗೆ ತೆರೆಯುವ ಬಾಗಿಲೇ ಇಲ್ಲ. ಹೊರಗೆ ಹೋಗಬೇಕಾದರೆ ಯಜಮಾನನ ಹಜಾರಕ್ಕೇ ಬರಬೇಕು. ಕತ್ತೆಗಳ ಲಾಯಕ್ಕೂ ಹೊರದಾರಿಯಿಲ್ಲ. ಗೋಡೆಯಲ್ಲಿ ಎತ್ತರಕ್ಕೆ ಪುಟ್ಟ ಕಿಟಕಿಗಳು, ಅವಕ್ಕೆ ಕಬ್ಬಿಣದ ಸರಳು. ಅಷ್ಟರಿಂದ ಬಂದ ಬೆಳಕೇ ಬೆಳಕು. ಉತ್ಖನನ ಮಾಡಿದವರು ಇದನ್ನು ಸೆರೆಮನೆಯಂಥ ಬೇಕರಿ ಅಂದರು. ಗುಲಾಮರನ್ನೂ ಕತ್ತೆಗಳನ್ನೂ ಒಟ್ಟಿಗೆ ಕೂಡಿಹಾಕಿ ದುಡಿಸುತ್ತಿದ್ದ ಜಾಗ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅಲ್ಲಿನ ನೆಲ. ರೋಮನ್ನರ ಬೀಸುವ ಕಲ್ಲು ನಮ್ಮ ಅಡುಗೆಮನೆಯ ಕಲ್ಲಿನಂತಲ್ಲ. ಲಾವಾ ಕಲ್ಲಿನದು, ಡಮರುವಿನ ಆಕಾರ. ಮರದ ಗೂಟ ಸಿಕ್ಕಿಸಿ, ಕತ್ತೆ ಕಟ್ಟಿ, ಸುತ್ತಿಸುತ್ತಿದ್ದರು. ಈ ಕಲ್ಲುಗಳ ಸುತ್ತಲಿನ ಕಪ್ಪು ಹಾಸುಗಲ್ಲಿನಲ್ಲಿ ಅರ್ಧಚಂದ್ರದಂಥ ಗುಳಿಗಳಿವೆ. ಸವೆದು ಆದವಲ್ಲ, ಬೇಕಂತಲೇ ಕೆತ್ತಿದವು. ಕಾಲು ಜಾರದಿರಲಿ ಅಂತ ಕೆತ್ತಿದ್ದು ಎಂಬುದು ಒಂದು ವಿವರಣೆ. ಅದರ ಜೊತೆಗೇ ಇನ್ನೊಂದು ವಿವರಣೆಯೂ ಇದೆ. ಇಕ್ಕಟ್ಟಾದ ಜಾಗ, ಕಲ್ಲುಗಳು ಒಂದಕ್ಕೊಂದು ಹತ್ತಿರ. ಒಂದು ಕತ್ತೆ ತಪ್ಪಿ ನಡೆದರೆ ಪಕ್ಕದ್ದಕ್ಕೆ ಡಿಕ್ಕಿ. ಅದಕ್ಕೇ ಯಾವ ಹೆಜ್ಜೆ ಎಲ್ಲಿ ಬೀಳಬೇಕು ಅಂತ ನೆಲದಲ್ಲೇ ಕೆತ್ತಿಟ್ಟರು. ಕಣ್ಣಿಗೆ ಬಟ್ಟೆ ಕಟ್ಟಿದ ಪ್ರಾಣಿ ಆ ಗುಳಿಯಲ್ಲೇ ಗೊರಸಿಟ್ಟು ಗಂಟೆಗಟ್ಟಲೆ ತಿರುಗಬೇಕು.

ದುಡಿದು ಸಾಕಾದಾಗ ನಾವು 'ಗಾಣದೆತ್ತಿನ ಹಾಗೆ' ಅಂತೀವಲ್ವಾ? ಆ ನೆಲದ ಫೋಟೋ ನೋಡಿದ ಮೇಲೆ ಆ ಮಾತನ್ನು ಸುಮ್ನೆ ಆಡೋಕೆ ನನಗೆ ಬಾಯಿ ಬರ್ತಿಲ್ಲ.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಮನೆದೇವರ ಗೂಡಿನ ಹತ್ತಿರ ಚುನಾವಣೆಯ ಬರಹವೊಂದು ಸಿಕ್ಕಿತು. ಆಲಸ್ ರುಸ್ಟಿಯಸ್ ವೆರಸ್ ಎಂಬುವನಿಗೆ ಬೆಂಬಲ ಕೊಡಿ ಅಂತ. ಇಂಥ ಬರಹ ಸಾಮಾನ್ಯವಾಗಿ ಬೀದಿಗೋಡೆಯ ಮೇಲಿರುತ್ತೆ, ಇಲ್ಲಿ ಮನೆಯೊಳಗೇ ಇದೆ. ಬೀಸುವ ಕಲ್ಲಿನ ಮೇಲೂ ಅವನ ಹೆಸರಿನ ಮೊದಲಕ್ಷರಗಳಿವೆ. ರೊಟ್ಟಿಗೂ ಓಟಿಗೂ ಇದ್ದ ನಂಟು ಇಷ್ಟು ಹತ್ತಿರದಿಂದ ಕಾಣೋದು ಅಪರೂಪ.

ನನ್ನ ತಕರಾರು ಇಷ್ಟೇ. ರೋಮನ್ ಮನೆ ಅಂದ ಕೂಡಲೇ ನಾವು ಚಿತ್ರ ನೋಡ್ತೀವಿ, ಕಾರಂಜಿ ನೋಡ್ತೀವಿ, ಮೊಸಾಯಿಕ್ ನೆಲ ನೋಡ್ತೀವಿ. ಯಜಮಾನ ತನ್ನ ಅತಿಥಿಗೆ ತೋರಿಸಬೇಕು ಅಂದುಕೊಂಡಿದ್ದೂ ಅದನ್ನೇ. ಎರಡು ಸಾವಿರ ವರ್ಷ ಆದಮೇಲೂ ನಾವು ಅವನ ಅತಿಥಿಗಳಾಗಿಯೇ ಒಳಗೆ ಹೋಗಬೇಕಾ? ಈ ಮನೆಯನ್ನು ಬೇಕರಿಯಿಂದಲೇ ತೋರಿಸೋಕೆ ಶುರು ಮಾಡಬೇಕು ಅಂತ ನನ್ನ ಅನಿಸಿಕೆ. ಮೊದಲು ಆ ಸರಳಿನ ಕಿಟಕಿ, ಆಮೇಲೆ ಆ ನೆಲ. ರೊಟ್ಟಿಯ ಚಿತ್ರ ಕೊನೆಗಿರಲಿ.

ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರಿಗೂ ಒಂದು ಮಾತು. 'ಆಳುಗಳು', 'ಮನೆಕೆಲಸದವರು' ಅಂತ ದಯವಿಟ್ಟು ಬರೀಬೇಡಿ. ಆಳಿಗೆ ಕೂಲಿ ಇರುತ್ತೆ, ಸಂಜೆ ಮನೆಗೆ ಹೋಗ್ತಾನೆ. ಇವರು ಗುಲಾಮರು. ಆ ಪದವನ್ನೇ ಬಳಸಿ.

ಬೇಕರಿಯ ಭಾಗದಲ್ಲಿ ಮೂವರ ಎಲುಬುಗಳೂ ಸಿಕ್ಕಿವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಚಾವಣಿ ಕುಸಿದು ಸತ್ತವರು. ಒಂದು ಪುಟ್ಟ ಮಗುವಿನದು. ಆಗ ಮನೆಯ ರಿಪೇರಿ ನಡೆಯುತ್ತಿತ್ತಂತೆ. ಆ ರೊಟ್ಟಿಯ ಚಿತ್ರ ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಣ್ಣವೂ ಮಾಸದೆ ಉಳಿದಿದೆ.