ಮಾನಿಟರ್ ಒಂದೇ ಸಾಲದು

ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ) ಆಪರೇಷನ್ನಿನಲ್ಲಿ ನರಗಳ ಸಂಕೇತ ನೋಡುವ ಯಂತ್ರವಿದ್ದರೆ ಕಾಲು ಸ್ವಾಧೀನ ತಪ್ಪುವ ಭಯವೇ ಇಲ್ಲ ಎಂದು ಬರೆದಿದ್ದೀರಿ. ಲೇಖನ ಚೆನ್ನಾಗಿದೆ, ಆದರೆ ಆ ಮಾತು ಸ್ವಲ್ಪ ಜಾಸ್ತಿಯಾಯಿತು. ಅರಿವಳಿಕೆ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು.

ನೀವು ವಿವರಿಸಿದ್ದು ಎಸ್‌ಎಸ್‌ಇಪಿ ಮಾತ್ರ: ಕಾಲಿನ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ನೆತ್ತಿಯ ಮೇಲೆ ಸಂಕೇತ ಹಿಡಿಯುವುದು. ಅದರ ಎತ್ತರ ಅರ್ಧಕ್ಕಿಳಿದರೆ, ಇಲ್ಲವೇ ತಲುಪುವುದು ಶೇ 10ರಷ್ಟು ತಡವಾದರೆ ಎಚ್ಚರಿಕೆ. ಆದರೆ ಅದು ಮುಖ್ಯವಾಗಿ ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುತ್ತದೆ. ಕಾಲಾಡಿಸುವ ಆಜ್ಞೆ ಇಳಿಯುವ ದಾರಿಯೇ ಬೇರೆ. ಮುಂಭಾಗದ ರಕ್ತನಾಳಕ್ಕೆ ಪೆಟ್ಟಾದರೆ ಎಸ್‌ಎಸ್‌ಇಪಿ ನೆಟ್ಟಗಿದ್ದೂ ಕಾಲು ಸೋಲಬಹುದು. ಅದಕ್ಕೇ ತಲೆಗೆ ಪ್ರಚೋದನೆ ಕೊಟ್ಟು ಕಾಲಿನ ಸ್ನಾಯುವಿನಲ್ಲಿ ಉತ್ತರ ನೋಡುವ ಎಂಇಪಿ ಜೊತೆಗಿರಬೇಕು.

ಇಲ್ಲಿ ನಮ್ಮವರ ಪಾಡು ಶುರು. ಸ್ನಾಯು ಸಡಿಲಿಸುವ ಔಷಧಿ ಕೊಟ್ಟರೆ ಎಂಇಪಿ ಮಾಯ, ಅರಿವಳಿಕೆ ಗ್ಯಾಸ್ ಹೆಚ್ಚಾದರೂ ಮಂಕು. ಹಾಗಾಗಿ ರಕ್ತನಾಳಕ್ಕೆ ಕೊಡುವ ಅರಿವಳಿಕೆ ಔಷಧಿ ಪ್ರೊಪೊಫಾಲ್ ಡ್ರಿಪ್ಪಿನಲ್ಲೇ ನಿಭಾಯಿಸಬೇಕು. ಪ್ರಚೋದನೆ ಕೊಟ್ಟಾಗ ದವಡೆ ಕಚ್ಚಿಕೊಳ್ಳುತ್ತದೆ. ಹಲ್ಲುಗಳ ನಡುವೆ ಗಾಜ್ ಬಟ್ಟೆಯ ಸುರುಳಿ ಇಡಲು ಮರೆತರೆ ನಾಲಿಗೆಗೆ ಗಾಯ!

ಸಂಕೇತ ಬಿದ್ದಾಕ್ಷಣ ಹುರಿಗೇ ಪೆಟ್ಟಾಯಿತು ಎಂದಲ್ಲ. ಬಿಪಿ ಇಳಿದಿರಬಹುದು, ಮೈ ತಣ್ಣಗಾಗಿರಬಹುದು, ವೈರೇ ಕಳಚಿರಬಹುದು. ಬಿಪಿ ಏರಿಸಿ, ಬೆನ್ನುಮೂಳೆ ನೆಟ್ಟಗಾಗಿಸಲು ಹಾಕಿದ ರಾಡ್ ಸಡಿಲಿಸಿ ನೋಡುತ್ತಾರೆ. ಆಗಲೂ ಅನುಮಾನ ಉಳಿದರೆ, ಫ್ರಾನ್ಸಿನ ವೈದ್ಯ ಸ್ಟಾಗ್ನಾರ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಹಳೇ ಉಪಾಯ: ನಡುವೆಯೇ ಎಚ್ಚರಿಸಿ "ಕಾಲ್ಬೆರಳು ಆಡಿಸಮ್ಮಾ" ಅನ್ನುವುದು.

ಮಗುವಿಗೆ ಈ ಆಪರೇಷನ್ ಮಾಡಿಸುವವರು ಎರಡೂ ಸಂಕೇತ ನೋಡುತ್ತೀರಾ ಎಂದು ಮೊದಲೇ ಕೇಳಿ. ಸಂಕೋಚ ಬೇಡ.